ಹೊರಗಿನ ಕೊಂಡಿ

ನಾನು ನಾಲ್ಕನೇ ಇಯತ್ತೆಯವರೆಗೆ ಮಾತ್ರ ಕಲಿತವಳು. ಅಷ್ಟೇ ಕಲಿತವರಿಗೆ ಒಂದು ಅನುಕೂಲವಿದೆ. ಒಂದು ಮಾತಿಗೆ ಒಂದೇ ಅರ್ಥ ಗೊತ್ತಿರುತ್ತದೆ, ಅದನ್ನೇ ಹಿಡಿದುಕೊಂಡು ಸುಖವಾಗಿ ಬಾಳಬಹುದು. ಅಗಡಿಯಿಂದ ಮದುವೆಯಾಗಿ ಬ್ಯಾಡಗಿಗೆ ಬಂದ ಹೊಸದರಲ್ಲಿ ನಮ್ಮ ಅತ್ತೆ, “ಹಾಲು ನೋಡು” ಎಂದು ಹೇಳಿ ದೇವರಿಗೆ ಹೂವು ತರಲು ಹಿತ್ತಲಿಗೆ ಹೋದರು. ನಾನು ನೋಡಿದೆ. ಹಾಲು ಉಕ್ಕಿತು. ಉಕ್ಕಿದ್ದನ್ನೂ ನೋಡಿದೆ. ಒಲೆ ಆರಿತು, ಅದನ್ನೂ ನೋಡಿದೆ. “ಕಣ್ಣಿಲ್ಲೇನಬೇ ನಿನಗ?” ಎಂದು ಅವರು ಕೂಗಾಡಿದರು. ಕಣ್ಣಿತ್ತು, ಅದಕ್ಕೇ ಅಷ್ಟೆಲ್ಲ ನೋಡಿದ್ದೆ. ಇಳಿಸು ಎಂದು ಯಾರೂ ಹೇಳಿರಲಿಲ್ಲ. ಈಗ ನನಗೆ ಮೊಮ್ಮಕ್ಕಳಿದ್ದಾರೆ, ಮೊಣಕಾಲು ನೋವಿದೆ, ಆದರೆ ಆ ಸ್ವಭಾವ ಮಾತ್ರ ಹಾಗೇ ಉಳಿದಿದೆ.

ನನ್ನ ಸೊಸೆ ಗಿರಿಜಾ ಹಾವೇರಿಯ ಒಂದು ತರಬೇತಿ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಳೆ. ಮನೆಯಲ್ಲೇ ಏನಾದರೂ ಉದ್ಯೋಗ ಮಾಡಬೇಕೆನ್ನುವ ಹೆಂಗಸರಿಗೆ ಆ ಸಂಸ್ಥೆಯವರು ಫೋನಿನಲ್ಲೇ ಪಾಠ ಕಳಿಸುತ್ತಾರೆ. ಹಪ್ಪಳದ ಪಾಠ, ಹೊಲಿಗೆಯ ಪಾಠ, ಶೇಂಗಾ ಹೋಳಿಗೆಯ ಪಾಠ. ಮೊದಮೊದಲು ನನಗೆ ನಗು ಬರುತ್ತಿತ್ತು. ಹೋಳಿಗೆಯನ್ನು ಓದಿ ಕಲಿಯುವುದಾದರೆ ತಿನ್ನುವುದನ್ನೂ ಓದಿಯೇ ಮುಗಿಸಲಿ ಅನ್ನುತ್ತಿದ್ದೆ. ಆದರೆ ಒಂದು ದಿನ ಗಿರಿಜಾ, “ಅತ್ತಿ, ಮಸಾಲಿ ಖಾರದ ಪಾಠ ನನಗ ಕೊಟ್ಟಾರ್ರಿ. ಇದನ್ನ ಸಾಹೇಬ್ರು ಒಪ್ಪಿದ್ರ ಮುಂದಿನ ಪಾಠ ಎಲ್ಲಾ ಮನ್ಯಾಗ ಕುಂತs ಮಾಡಬಹುದಂತ” ಎಂದಳು. ಆ ಗಳಿಗೆಯಿಂದ ಫೋನಿನ ಪಾಠದ ಮೇಲೆ ನನಗೆ ಭಕ್ತಿ ಹುಟ್ಟಿತು.

ಸುಳ್ಳು ಯಾಕೆ ಹೇಳಲಿ? ಅವಳ ಮುಂದಿನ ಬಾಳಿನ ಚಿಂತೆ ಆಮೇಲಿನದು. ನನಗಿದ್ದದ್ದು ರೊಟ್ಟಿಯ ಚಿಂತೆ. ಅವಳು ಬೆಳಿಗ್ಗೆ ಹಾವೇರಿ ಬಸ್ಸು ಹಿಡಿಯುತ್ತಾಳೆ, ನನ್ನ ಮಗ ರಾಣೆಬೆನ್ನೂರಿನ ಬೀಜದ ಅಂಗಡಿಗೆ ಹೋಗುತ್ತಾನೆ, ಎಲ್ಲರ ಬುತ್ತಿಯ ರೊಟ್ಟಿ ನನ್ನ ಕೈಗೇ ಬೀಳುತ್ತದೆ. ಅವಳು ಮನೆಯಲ್ಲಿದ್ದರೆ ಅರ್ಧವಾದರೂ ಬಡಿಯುತ್ತಾಳೆ. ಆದ್ದರಿಂದ ಈ ಪಾಠ ಪಾಸಾಗಲೇಬೇಕು ಎಂದು ನಾನು ಹಟ ತೊಟ್ಟೆ.

ಮೆಣಸಿನಕಾಯಿ ಹುರಿದವಳು ನಾನೇ. ಕೊತ್ತಂಬರಿ ಬೀಜ, ಒಣ ಕೊಬ್ಬರಿ, ಬೆಳ್ಳುಳ್ಳಿ ಎಲ್ಲಾ ಹಾಕಿ ಕುಟ್ಟಿದವಳೂ ನಾನೇ. ಗಿರಿಜಾ ಫೋನು ಹಿಡಿದು ವೀಡಿಯೋ ತೆಗೆದಳು. ಘಾಟಿಗೆ ಅವಳೂ ಕೆಮ್ಮಿದಳು, ನಾನೂ ಕೆಮ್ಮಿದೆ, ಪಕ್ಕದ ಮನೆಯವರೂ ಕೆಮ್ಮಿದರು. ಆಮೇಲೆ ನೋಡಿದರೆ ವೀಡಿಯೋ ಪಾಠದೊಳಗೆ ಹಿಡಿಯುವುದಿಲ್ಲವಂತೆ.

“ಭಾಳ ವಜ್ಜ ಐತ್ರಿ ಅತ್ತಿ. ಹೊರಗ ಒಂದು ಕಡೆ ಇಟ್ಟು, ಪಾಠದೊಳಗ ಕಾಣೂ ಹಂಗ ಮಾಡ್ತೇನ್ರಿ.”

“ಹೊರಗ ಇಟ್ರ ಮಂಗ್ಯಾ ಒಯ್ದಾವು” ಎಂದೆ. ನಮ್ಮ ಓಣಿಯಲ್ಲಿ ಮಂಗಗಳ ಕಾಟ ಅಷ್ಟಿದೆ.

ಸಾಹೇಬರು ಪಾಠ ನೋಡುವ ದಿನ ಬಂತು. ಗಿರಿಜಾ ಗಡಿಬಿಡಿಯಲ್ಲಿ ಹೋದಳು. ಮಾತಾಡುವ ಫೋನನ್ನಷ್ಟೇ ಒಯ್ದು, ಪಾಠ ಮಾಡುವ ದೊಡ್ಡ ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಮರೆತಳು. ನಾನು ಉಂಡ ತಾಟು ತೊಳೆಯುತ್ತಿದ್ದೆ, ನನ್ನ ಸಣ್ಣ ಫೋನು ಒದರಿತು. ಹಾವೇರಿ ಬಸ್ ನಿಲ್ದಾಣದ ಗದ್ದಲದಲ್ಲಿ ಅವಳ ದನಿ ಅರ್ಧರ್ಧ ಕೇಳಿಸಿತು.

“ಅತ್ತಿ, ಹೊರಗಿನ ಕೊಂಡಿ ಹಾಕೂದು ಮರ್ತೇನ್ರಿ! ಲಗೂ ಹಾಕ್ರಿ, ನಿಮ್ಮ ಕಾಲು ಬೀಳ್ತೇನಿ!”

ಫೋನು ಕಟ್ಟಾಯಿತು. ಯಾಕೆ ಏನು ಎಂದು ನಾನು ಯೋಚಿಸಲಿಲ್ಲ. ಸೊಸೆ ಗಾಬರಿಯಿಂದ ಒಂದು ಮಾತು ಹೇಳಿದರೆ ಮೊದಲು ಅದನ್ನು ಮಾಡಬೇಕು, ಜಗಳ ಆಮೇಲೆ ತೆಗೆಯಬೇಕು. ಸೆರಗಿಗೆ ಕೈ ಒರೆಸಿಕೊಂಡು ಅಂಗಳಕ್ಕೆ ಬಂದೆ, ಬಾಗಿಲೆಳೆದು ಹೊರಗಿನ ಕೊಂಡಿ ಹಾಕಿದೆ. ಎರಡು ಸಲ ಜಗ್ಗಿ ನೋಡಿದೆ. ಕಟ್ಟೆಯ ಮೇಲೆ ಕುಳಿತು ಅವಳಿಗೆ ಫೋನು ಹಚ್ಚಿದೆ, ನಾಲ್ಕೈದು ಸಲಕ್ಕೆ ಹತ್ತಿತು.

“ಹಾಕೇನವಾ. ಗಟ್ಟಿ ಹಾಕೇನಿ.”

“ಹೌದ್ರಿ? ನಾ ಈಗ ಆಫೀಸಿಗೆ ಬಂದೇನ್ರಿ. ಆದ್ರ ಇಲ್ಲಿ ಕಾಣವಲ್ದಲ್ರಿ ಅತ್ತಿ?”

“ಹಾವೇರ್ಯಾಗ ನಿಂತ್ರ ಹೆಂಗ ಕಾಣ್ತೈತಿ?”

“ಒತ್ತಿ ನೋಡ್ರಿ ಒಂದಿಷ್ಟು. ತೆರೀತೈತೇನು?”

ಎದ್ದು ಹೋಗಿ ಬಾಗಿಲನ್ನು ಭುಜ ಕೊಟ್ಟು ಒತ್ತಿದೆ. “ಇಲ್ಲವಾ, ಜಪ್ಪಯ್ಯ ಅಂದ್ರೂ ತೆರೆಯಂಗಿಲ್ಲ.”

“ತೆರೀಬೇಕ್ರಿ ಅತ್ತಿ!”

“ತೆರೆಯೂದಾಗಿದ್ರ ಕೊಂಡಿ ಯಾಕ ಹಾಕಬೇಕಾಗಿತ್ತು?”

ಅಷ್ಟರಲ್ಲಿ ಒಳಗಿನಿಂದ ಬಾಗಿಲು ದಬದಬ ಬಡಿಯಿತು. ನಮ್ಮ ಯಜಮಾನರು ಜಳಕಕ್ಕೆ ಹೋದವರು ಮುಗಿಸಿ ಬಂದಿದ್ದರು. “ಏ, ಯಾರಲೇ ಅದು ಬಾಗಲಾ ಹಾಕಿದಾಂವ? ನಾ ಇನ್ನೂ ಜೀವಂತ ಅದೇನಿ, ತಗೀರಿ!”

ಆ ಕೂಗು ಫೋನಿನ ಆ ಕಡೆಗೂ ಕೇಳಿಸಿತು. ಗಿರಿಜಾ ಸಣ್ಣ ದನಿಯಲ್ಲಿ, “ಅತ್ತಿ, ಯಾವ ಕೊಂಡಿ ಹಾಕೀರಿ?” ಎಂದಳು.

“ಬಾಗಲದ್ದು. ಮತ್ಯಾವುದೈತಿ ನಮ್ಮ ಮನ್ಯಾಗ?”

ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಅವರ ಸಾಹೇಬರು ಅಪ್ಪಟ ಕನ್ನಡದವರು. ಊರೆಲ್ಲ ಲಿಂಕು ಎನ್ನುವುದನ್ನು ಅವರ ಆಫೀಸಿನಲ್ಲಿ ಕೊಂಡಿ ಎನ್ನಬೇಕಂತೆ. ಹೊರಗೆ ಬೇರೆ ಕಡೆ ಇರುವ ವೀಡಿಯೋದ ವಿಳಾಸವನ್ನು ಪಾಠದಲ್ಲಿ ಅಂಟಿಸಿದರೆ ಅದೇ ಹೊರಗಿನ ಕೊಂಡಿ. ನಮ್ಮ ಕೊಂಡಿ ಹಾಕಿದರೆ ಮುಚ್ಚುತ್ತದೆ, ಅವರದು ಹಾಕಿದರೆ ತೆರೆಯುತ್ತದೆ. ಇದನ್ನು ನಾನು ಮುಂಚೆಯೇ ತಿಳಿದುಕೊಳ್ಳಬೇಕಿತ್ತಂತೆ.

“ಹೋಗ್ಲಿ ಬಿಡ್ರಿ ಅತ್ತಿ, ಮನ್ಯಾಗ ಕುಂತು ಮಾಡೂ ಕೆಲಸ ಒಬ್ರಿಗಷ್ಟs ಐತ್ರಿ, ಈ ಸಲ ಹೊಲಿಗಿ ಪಾಠದವ್ರಿಗೇ ಸಿಗ್ಲಿ” ಎಂದಳು. ಅವಳ ದನಿ ಇಳಿದಿತ್ತು.

“ಯಾಕ ಬಿಡಬೇಕು? ನೀನs ಅಲ್ಲಿಂದ ಅಂಟಿಸು.”

“ಪಾಸ್‌ವರ್ಡ್ ಆ ಫೋನಿಗಷ್ಟs ಗೊತ್ತೈತ್ರಿ, ನನಗ ನೆನಪಿಲ್ಲ.”

“ಹಂಗಾರ ನಾ ಅಂಟಸ್ತೇನಿ. ಹೇಳು.”

ಕೊಂಡಿ ತೆಗೆದೆ. ಯಜಮಾನರು ಟವೆಲ್ಲು ಸುತ್ತಿಕೊಂಡು ಬಾಗಿಲಲ್ಲೇ ಭಾಷಣ ಶುರು ಮಾಡಿದರು. “ಆಮ್ಯಾಲ ಬೈರಿ” ಎಂದು ಅವರನ್ನು ದಾಟಿಕೊಂಡು ಹೋಗಿ ದೊಡ್ಡ ಫೋನು ತೆಗೆದುಕೊಂಡೆ. ಕನ್ನಡಕ ಹುಡುಕಿದೆ, ಸಿಗಲಿಲ್ಲ, ಯಜಮಾನರ ಕನ್ನಡಕವನ್ನೇ ಏರಿಸಿಕೊಂಡೆ. ಸಣ್ಣ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿದೆ. ಗಿರಿಜಾ ಹೇಳುತ್ತ ಹೋದಳು. ವೀಡಿಯೋ ಕೆಳಗಿನ ಬಾಣ ಒತ್ತಬೇಕು, ‘ನಕಲು’ ಎಂದು ಬಂದದ್ದನ್ನು ಒತ್ತಬೇಕು. ಸಾಲಿಯಲ್ಲಿ ನಕಲು ಮಾಡಿದರೆ ಮಾಸ್ತರರು ಅಂಗೈ ಮೇಲೆ ಬಾರಿಸುತ್ತಿದ್ದರು. ಈಗ ಸೊಸೆಯೇ ಮಾಡಿಸುತ್ತಿದ್ದಾಳೆ. ರೊಟ್ಟಿ ಬಡಿದು ಬಡಿದು ನನ್ನ ಬೆರಳು ದಡ್ಡುಗಟ್ಟಿವೆ, ಫೋನಿಗೆ ಅವು ಬೆರಳೆಂದೇ ಅನ್ನಿಸಲಿಲ್ಲ. ನೀರು ಹಚ್ಚಿ ಒರೆಸಿಕೊಂಡು ಮತ್ತೆ ಒತ್ತಿದೆ. ಪಾಠದ ಪುಟ ಎರಡು ಸಲ ಕೈತಪ್ಪಿ ಹೋಯಿತು, ಎರಡು ಸಲವೂ ಬೈದು ತರಿಸಿದೆ. ಕಡೆಗೆ ಖಾಲಿ ಚೌಕದಲ್ಲಿ ಬೆರಳೊತ್ತಿ ಹಿಡಿದಾಗ ‘ಅಂಟಿಸು’ ಎಂದು ಬಂತು. ಅಂಟಿಸಿದೆ. ಚೌಕದಲ್ಲಿ ನನ್ನದೇ ಕೈ, ನನ್ನದೇ ಒರಳು, ನನ್ನದೇ ಕೆಮ್ಮು!

“ಬಂತ್ರಿ! ಇಲ್ಲೂ ಕಾಣಾಕತ್ತೈತ್ರಿ ಅತ್ತಿ!” ಎಂದು ಗಿರಿಜಾ ಕೂಗಿದ್ದು ಯಜಮಾನರಿಗೂ ಕೇಳಿಸಿತು. “ಏನು ಬಂತು?” ಎಂದರು. “ಸೊಸಿ ಮನಿಗೆ ಬಂದ್ಲು” ಎಂದೆ.

ಪಾಠ ಪಾಸಾಯಿತು. ಈಗ ಗಿರಿಜಾ ಮನೆಯಲ್ಲೇ ಇರುತ್ತಾಳೆ. ಬೆಳಿಗ್ಗೆ ಪೇಟೆ ಗದ್ದಲ ಏಳುವ ಮೊದಲು ಓಣಿ ತಣ್ಣಗಿರುತ್ತದೆಂದು ಆ ಹೊತ್ತಿನಲ್ಲೇ ಪಾಠಕ್ಕೆ ದನಿ ಕೊಡುತ್ತಾಳೆ. ರೊಟ್ಟಿಯ ಹೊತ್ತೂ ಅದೇ. ನಾನು ಹಿಟ್ಟು ನಾದಿ ಒಂದು ಏಟು ಬಡಿದರೆ ಸಾಕು, ಒಳಗಿನಿಂದ, “ಅತ್ತಿ, ರೊಟ್ಟಿ ಸಪ್ಪಳ ಪಾಠದಾಗ ಬರಾಕತ್ತೈತ್ರಿ!” ಎನ್ನುತ್ತಾಳೆ. ಅದಕ್ಕೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಹಾಕಿಕೊಂಡಿದ್ದೇನೆ. ಅರ್ಧ ರೊಟ್ಟಿ ತಪ್ಪಲಿ ಎಂದು ಅಷ್ಟೆಲ್ಲ ಹಟ ಮಾಡಿದವಳು ಈಗ ಪೂರ್ತಿ ರೊಟ್ಟಿಯನ್ನೂ ಬಡಿಯುತ್ತೇನೆ, ಸೌದೆಯನ್ನೂ ಒಡೆಯುತ್ತೇನೆ. ನಿನ್ನೆ ಯಜಮಾನರು ಹಿತ್ತಲಿಗೆ ಬಂದು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿ, “ಸೊಸಿ ಮನಿಗೆ ಬಂದ್ಲೇನು?” ಎಂದು ಕೇಳಿದರು. ಆ ಹೊತ್ತಿಗೆ ಅವರಿಗೆ ರೊಟ್ಟಿ ಹಾಕದೆ ಬಿಡಬೇಕಿತ್ತು. ಬಿಸಿಯದೊಂದು ಇತ್ತು, ಹಾಕಿಬಿಟ್ಟೆ.