ಏಳು ಅರ್ಜಿ, ಒಂದು ಫಾರಂ

ಫಾರಂ ಎಂಬ ವಸ್ತುವನ್ನು ಕಂಡುಹಿಡಿದ ಪುಣ್ಯಾತ್ಮ ನನ್ನ ಕೈಗೆ ಸಿಕ್ಕರೆ ಅವನನ್ನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಹೀಗೆ ಹೇಳಲು ನನಗೆ ಯಾವ ಹಕ್ಕೂ ಇಲ್ಲ, ಒಪ್ಪುತ್ತೇನೆ. ರೋಣದ ಒಂದು ಕಚೇರಿಯಲ್ಲಿ ಕಾರಕೂನನಾಗಿ ಇಪ್ಪತ್ತು ವರ್ಷ ನಾನು ಮಾಡಿದ್ದೂ ಅದೇ ಕೆಲಸ. ಮುಶಿಗೇರಿಯಿಂದಲೋ ಅಸೂಟಿಯಿಂದಲೋ ಬಿಸಿಲಲ್ಲಿ ನಡೆದು ಬಂದವರಿಗೆ "ಆರನೇ ಖಾನೆ ಖಾಲಿ ಬಿಟ್ಟೀಯಲ್ಲೋ, ನಾಳೆ ಬಾ" ಎಂದು ಹೇಳಿ ಕಳಿಸಿದ್ದೇನೆ. ಅವರೆಲ್ಲರ ಶಾಪ ಒಟ್ಟುಗೂಡಿ, ರಾಜ್ಯಗಳನ್ನು ಒಡೆದು ಕೂಡಿಸಿ ನಮ್ಮ ತಾಲೂಕನ್ನು ಮುಂಬೈ ರಾಜ್ಯದಿಂದ ಕನ್ನಡದ ಕಡೆಗೆ ಹಾಕಿದ ಆ ವರ್ಷ ಪುಣೆಯಿಂದ ಒಂದು ಲಕೋಟೆಯಾಗಿ ನಮ್ಮ ಮನೆಗೆ ಬಂತು.

ನಾವು ಮರಾಠಿ ಮಾತಾಡುವ ಜನ. ಗಜೇಂದ್ರಗಡದ ಕೋಟೆ ಮರಾಠರದಾಗಿದ್ದ ಕಾಲಕ್ಕೆ ನಮ್ಮ ಮೂಲಪುರುಷ ಈ ಕಡೆ ಬಂದನಂತೆ. ಈಗ ಪುಣೆಯಲ್ಲಿರುವ ನಮ್ಮ ದಾಯಾದಿ, ದಾದಾಸಾಹೇಬ, ಇಡೀ ವಂಶದ ಕುಲವೃತ್ತಾಂತ ಅಚ್ಚು ಹಾಕಿಸಲು ಹೊರಟಿದ್ದರು. ಪ್ರತಿ ಶಾಖೆಯವರೂ ಫಾರಂ ತುಂಬಿ ಕಳಿಸಬೇಕು. ನಿಜ ಹೇಳುತ್ತೇನೆ, ಆ ಪುಸ್ತಕದಲ್ಲಿ ಸೇರಲು ನನ್ನ ಜೀವ ಹಾತೊರೆಯಿತು. ಕಚೇರಿಯಲ್ಲಿ ಗೆಳೆಯರು ದಿನಾ "ರಾವಸಾಹೇಬ್ರ, ನಿಮ್ಮ ಮುಂಬೈ ಅತ್ಲಾಗ ಹೋತು, ನೀವ್ಯಾಕ ಇನ್ನೂ ಇಲ್ಲೇ ಕುಂತೀರಿ?" ಎಂದು ಚೇಷ್ಟೆ ಮಾಡುತ್ತಿದ್ದರು. ನಾನೇನು ಸುಮ್ಮನೆ ಕುಳಿತಿರಲಿಲ್ಲ. ನನ್ನನ್ನು ಆ ಕಡೆಗೆ ವರ್ಗ ಮಾಡಿರೆಂದು ಅರ್ಜಿ ಗುಜರಾಯಿಸಿಬಿಟ್ಟಿದ್ದೆ. ಆದರೆ ಆ ಕಡೆಯಾದರೂ ನನ್ನನ್ನು ಯಾರು ಕೇಳುತ್ತಾರೆ? ಪುಣೆಯ ಒಂದು ಮದುವೆಯಲ್ಲಿ ನಾನು ಮರಾಠಿಯಲ್ಲಿ ಬಾಯಿ ತೆರೆದದ್ದೇ ತಡ, ಪಂಕ್ತಿಯಲ್ಲಿ ಕುಳಿತ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದವು. ಅಂದಮೇಲೆ ನಾವೂ ಎಲ್ಲಿಯೋ ಸಂಬಂಧಪಟ್ಟವರು ಎನ್ನುವುದಕ್ಕೆ ಅಚ್ಚಾದ ಒಂದು ಪುರಾವೆ ನನಗೆ ಬೇಕಿತ್ತು.

'ಮನೆಮಾತು' ಎಂಬ ಖಾನೆಯಲ್ಲೇ ಲೇಖಣಿ ನಿಂತಿತು. ಹೆಂಡತಿ ನರಗುಂದದ ಕನ್ನಡದ ಮನೆಯವಳು. ಕೇಳಿದೆ. "ದೇವರ ಮುಂದ ಮರಾಠಿ, ಹುಡುಗೂರ್ನ ಬೈಲಿಕ್ಕೆ ಕನ್ನಡ. ನನ್ನ ಸಂಗಾಟ ಎರಡೂ ಇಲ್ಲ, ಬರೇ ಹೂಂ. ಹಂಗs ಬರೀರಿ" ಎಂದಳು. ಆ ಖಾನೆಯನ್ನು ಬಿಟ್ಟು ಮುಂದಿನದಕ್ಕೆ ಹೋದೆ. 'ಮೂಲಪುರುಷನ ಪರಾಕ್ರಮ.' ಆಹಾ, ಇದಕ್ಕೆ ಮಾತ್ರ ನಮ್ಮಲ್ಲಿ ಕೊರತೆಯಿರಲಿಲ್ಲ. ಗಜೇಂದ್ರಗಡದ ಹಿರಿಯರ ಮನೆಯಲ್ಲಿ ಕೆಂಪು ವಸ್ತ್ರದಲ್ಲಿ ಕಟ್ಟಿಟ್ಟ ಹಳೆಯ ಕಾಗದಗಳ ಗಂಟೊಂದಿತ್ತು, ನಮ್ಮ ದಫ್ತರ. ಖಂಡೇನವಮಿಗೆ ಕತ್ತಿಯ ಪಕ್ಕದಲ್ಲಿಟ್ಟು ಅದನ್ನು ಪೂಜಿಸುತ್ತಿದ್ದೆವು. ಶೌರ್ಯವನ್ನು ಮೆಚ್ಚಿ ಕೋಟೆಯನ್ನೇ ಒಪ್ಪಿಸಿದ ಸನದು ಅದೆಂದು ನಮ್ಮ ತಂದೆ ಹೇಳುತ್ತಿದ್ದರು. ಎಲ್ಲ ಹಳೆಯ ಮರಾಠಿಯ ಮೋಡಿ ಲಿಪಿ. ಓದಬಲ್ಲವರು ಮನೆಯಲ್ಲಿ ಒಬ್ಬರೇ, ನಮ್ಮ ತಂದೆಯ ಅಕ್ಕ ದ್ವಾರಕಾ ಆತ್ಯಾ. ಮದುವೆಯಾಗಿ ಹೋಗಿ, ಹನ್ನೊಂದನೇ ವಯಸ್ಸಿಗೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ತವರಿಗೆ ಮರಳಿದವರು. ಹುಡುಗಿ ಅಳುವುದನ್ನು ಮರೆಯಲಿ ಎಂದು ಅಜ್ಜ ತಮಗೇ ಬಾರದ ಮೋಡಿಯನ್ನು ಊರ ಕುಲಕರ್ಣಿಯಿಂದ ಅವರಿಗೆ ಕಲಿಸಿದ್ದರಂತೆ.

ರವಿವಾರ ಬಸ್ಸು ಹಿಡಿದು ಹೋಗಿ ಗಂಟನ್ನು ಅವರ ಮುಂದಿಟ್ಟೆ. "ಬ್ಯಾಡೋ. ಅದು ಪೂಜಾ ಮಾಡ್ಲಿಕ್ಕೆ ಛಲೋ ಅದ, ಓದ್ಲಿಕ್ಕಲ್ಲ" ಎಂದರು. ನಾನು ಹಟ ಹಿಡಿದೆ. ಆತ್ಯಾರ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿತ್ತು. ಅವರು ಗಂಟು ಬಿಚ್ಚಲೂ ಇಲ್ಲ, ಗೋಡೆಯ ಕಡೆ ಮುಖ ಮಾಡಿ ಬಾಯಿಪಾಠ ಹೇಳತೊಡಗಿದರು. ಸನದೂ ಇಲ್ಲ, ಮಣ್ಣೂ ಇಲ್ಲ. ನಮ್ಮ ಮೂಲಪುರುಷ ಕೋಟೆಯಲ್ಲಿ ಕಾರಕೂನ. ಗಂಟಿನಲ್ಲಿದ್ದವು ಅವನು ವರ್ಗಕ್ಕಾಗಿ ಬರೆದ ಏಳು ಅರ್ಜಿಗಳ ನಕಲು. ಈ ಗುಡ್ಡದ ಬಿಸಿಲು ತಾಳದು, ಜೋಳದ ರೊಟ್ಟಿ ಹೊಟ್ಟೆಗೆ ಒಗ್ಗದು, ನೆರೆಯವರ ಮಾತು ತಿಳಿಯದೆ ಹೆಂಡತಿ ದಿನವೂ ಅಳುತ್ತಾಳೆ, ದಯವಿಟ್ಟು ಘಟ್ಟದ ಕಡೆ ಕರೆಸಿಕೊಳ್ಳಿ. ಏಳಕ್ಕೂ ಸೇರಿ ಬಂದ ಉತ್ತರ ಒಂದೇ: ಸದ್ಯ ಅಲ್ಲೇ ಇರತಕ್ಕದ್ದು. ಆ 'ಸದ್ಯ' ಇನ್ನೂರು ವರ್ಷ ನಡೆದಿದೆ. ನಾನು, ನನ್ನ ಮಕ್ಕಳು, ಎಲ್ಲರೂ ಅದರೊಳಗೇ ಹುಟ್ಟಿದವರು.

"ಹದಿನಾಲ್ಕು ವರ್ಷದಾಕಿ ಇದ್ದಾಗ ಅಪ್ಪಗ ಓದಿ ಹೇಳಿದೆ. ಪಾಪ, ಮೂರು ದಿನ ಯಾರ ಸಂಗಾಟನೂ ಮಾತಾಡ್ಲಿಲ್ಲ. ಆಮ್ಯಾಲೆ, ಇನ್ನೊಬ್ಬರ ಮುಂದ ಬಾಯಿ ಬಿಡಬ್ಯಾಡ ಅಂದ" ಎಂದರು ಆತ್ಯಾ. ಗೋಡೆಯಿಂದ ಮುಖ ತಿರುಗಿಸಿ, "ಆ ಫಾರಮ್‌ನ್ಯಾಗ ನನಗ ಯಾವ ಖಾನೆ ಅದನೋ?" ಎಂದು ಕೇಳಿದರು. ಹೆಣ್ಣುಮಕ್ಕಳಿಗೆ ಇದ್ದದ್ದು ಒಂದೇ ಖಾನೆ, 'ಕೊಟ್ಟ ಮನೆತನ'. ಹೇಳಿದೆ. "ಕೊಟ್ಟ ಮನಿಯೊಳಗ ಎಂಟು ತಿಂಗಳು ಇದ್ದೆ. ಇಲ್ಲೇ ಅರವತ್ತಮೂರು ವರ್ಷ ಅದೀನಿ. ನನ್ನ ಇಲ್ಲೇ ಬರಿಯೋ, ಖರೇ ಬರೀತೀಯೇನು?" ಆತ್ಯಾ ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ಬರೆಯುತ್ತೇನೆಂದು ಮಾತು ಕೊಟ್ಟೆ.

ಬರೆದೆ ಕೂಡ. ಪರಾಕ್ರಮದ ಖಾನೆಯಲ್ಲಿ 'ವರ್ಗಕ್ಕಾಗಿ ಏಳು ಅರ್ಜಿ' ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ಅಂಚಿನಲ್ಲಿ, ಖಾನೆಯಿಲ್ಲದ ಜಾಗದಲ್ಲಿ, 'ದಫ್ತರವನ್ನು ಓದಿ ಉಳಿಸಿದವರು ದ್ವಾರಕಾಬಾಯಿ, ವಾಸ ಇದೇ ಮನೆ' ಎಂದು ದುಂಡಗೆ ಬರೆದು ಅಂಚೆಗೆ ಹಾಕಿದೆ. ವರ್ಷದ ಮೇಲೆ ಪುಸ್ತಕ ಬಂತು. ದಪ್ಪ ರಟ್ಟು, ಬಂಗಾರದ ಅಕ್ಷರ. ನಮ್ಮ ಶಾಖೆಯನ್ನು ಹುಡುಕಿ ಹುಡುಕಿ ಕಡೆಯ ಪುಟಕ್ಕೆ ಬಂದೆ. ಅಲ್ಲಿ ಒಂದೇ ಒಂದು ಸಾಲಿತ್ತು: 'ಕರ್ನಾಟಕ ಶಾಖೆ: ಮಾಹಿತಿ ಲಭ್ಯವಿಲ್ಲ.'

ಪುಸ್ತಕ ಬಂದ ಸುದ್ದಿ ಆತ್ಯಾರಿಗೆ ಅದು ಹೇಗೋ ಮುಟ್ಟಿಬಿಟ್ಟಿತ್ತು. ನಾನು ಹೋದಾಗ ಕೈಕಾಲು ತೊಳೆದುಕೊಂಡು ಮಣೆಯ ಮೇಲೆ ಕುಳಿತಿದ್ದರು. ಅಷ್ಟರಲ್ಲಿ ಅವರ ಎರಡೂ ಕಣ್ಣು ಹೋಗಿದ್ದವು. "ಓದೋ, ಲಗೂ ಓದು" ಎಂದರು. ನಾನು ಕಡೆಯ ಪುಟ ತೆಗೆದು ಓದಿದೆ: "ಗಜೇಂದ್ರಗಡದ ಶಾಖೆ. ಮೂಲಪುರುಷ ಕೋಟೆ ಕಾಯ್ದ ಶೂರ. ದಫ್ತರವನ್ನು ಓದಿ ಉಳಿಸಿದವರು ದ್ವಾರಕಾಬಾಯಿ, ವಾಸ ಇದೇ ಮನೆ." ಆತ್ಯಾ ಪುಟದ ಮೇಲೆ ಮೆಲ್ಲಗೆ ಕೈಯಾಡಿಸಿದರು. "ಭಾಳ ಛಲೋ ಓದ್ತಿ" ಎಂದರು. "ಅವತ್ತು ಅಪ್ಪಗ ನಾನೂ ಹಿಂಗs ಓದಬೇಕಾಗಿತ್ತು ನೋಡು."

ಮರುದಿನ ಕಚೇರಿಗೆ ಹೋದರೆ ನನ್ನ ಮೇಜಿನ ಮೇಲೆ ಒಂದು ಸರಕಾರಿ ಲಕೋಟೆ ಕಾದಿತ್ತು. ವರ್ಗದ ಅರ್ಜಿಗೆ ಉತ್ತರ. ಒಡೆಯುವ ಮೊದಲೇ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು; ಒಂದಕ್ಷರವೂ ತಪ್ಪಲಿಲ್ಲ. ಹರಿದು ಹಾಕಲು ಮನಸ್ಸಾಗಲಿಲ್ಲ. ಗಜೇಂದ್ರಗಡಕ್ಕೆ ಒಯ್ದು ಕೆಂಪು ವಸ್ತ್ರ ಬಿಚ್ಚಿ, ಎಲ್ಲಕ್ಕಿಂತ ಮೇಲೆ ಇಟ್ಟು ಕಟ್ಟಿದೆ. ಬರುವ ನವಮಿಗೆ ಅದಕ್ಕೂ ಕುಂಕುಮ ಬೀಳುತ್ತದೆ.