ನಲವತ್ತೊಂಬತ್ತನೆಯ ಕಾರ್ಡು

ಮೂರನೆಯ ಸಲ ಎಣಿಸಿದಾಗಲೂ ಕಾರ್ಡುಗಳು ನಲವತ್ತೊಂಬತ್ತೇ ಇದ್ದವು. ಗುಮಾಸ್ತೆ ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತಿ ನಾಲ್ಕನೆಯ ಸಲ ಶುರುಮಾಡಿದಳು. ಹುಡುಗರವು ನೀಲಿ, ಹುಡುಗಿಯರವು ಹಳದಿ. ನೀಲಿ ಇಪ್ಪತ್ನಾಲ್ಕು, ಹಳದಿ ಇಪ್ಪತ್ತೈದು.

ಸರ್ಕಾರಿ ಶಾಲೆಯ ಪ್ರತಿಭಾ ತರಗತಿಗೆ ಎರಡು ವಿಭಾಗ, ವಿಭಾಗಕ್ಕೆ ಇಪ್ಪತ್ನಾಲ್ಕು ಮಕ್ಕಳು. ಅರ್ಧ ಹುಡುಗರು, ಅರ್ಧ ಹುಡುಗಿಯರು. ಸುತ್ತಲಿನ ನಾಲ್ಕು ಪ್ರಾಥಮಿಕ ಶಾಲೆಗಳಿಂದ ತಲಾ ಹನ್ನೆರಡು. ಗಲಾಟೆಯವರೆಲ್ಲ ಒಂದೇ ಕಡೆ ಸೇರಬಾರದು, ಮೌನಿಗಳೆಲ್ಲ ಒಂದೇ ಕಡೆ ಸೇರಬಾರದು. ಆದೇಶದಲ್ಲಿ ಇದಕ್ಕೆಲ್ಲ ‘ಸಮತೋಲನ’ ಎಂಬ ಒಂದೇ ಮಾತಿತ್ತು.

ಕಾರ್ಡಿನಲ್ಲಿ ಮಗುವಿನ ಹೆಸರಿರಲಿಲ್ಲ. ಸಂಖ್ಯೆ, ಶಾಲೆ, ಅಂಕ, ಕೆಳಗೆ ಷರಾ ಕಾಲಂ. ಅಲ್ಲಿ ಮಗುವಿನ ಬಗ್ಗೆ ಹೆತ್ತವರು ಅರ್ಜಿಯಲ್ಲಿ ಬರೆದ ಒಂದು ಸಾಲು, ಹೊರಗೆ ಟೈಪು ಮಾಡಿಸಿದ್ದು. ಯಾವ ಸಂಖ್ಯೆ ಯಾರದೆಂದು ತೋರಿಸುವ ಮೂಲ ಅರ್ಜಿಗಳು ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಅವರ ಬೀರುವಿನೊಳಗೆ ಅರಗು ಹಾಕಿದ ಲಕೋಟೆಯಲ್ಲಿದ್ದವು. ಗುಮಾಸ್ತೆಯ ಮಗಳೂ ಪರೀಕ್ಷೆ ಬರೆದಿದ್ದಳು. “ನಾನು ಈ ಕೆಲಸ ಮಾಡೋದು ಬೇಡ ಮೇಡಂ” ಎಂದು ಅವಳು ಮೊದಲೇ ಹೇಳಿದ್ದಳು. “ಅದಕ್ಕೇ ತಾನೇ ಹೆಸರು ಮುಚ್ಚಿರೋದು, ಮಾಡಮ್ಮ. ನಿನಗೆ ಕೊಟ್ಟರೆ ನನಗೆ ತಲೆನೋವಿಲ್ಲ” ಎಂದಿದ್ದರು ದೊಡ್ಡ ಮೇಡಂ. ಇವತ್ತು ಮೀಟಿಂಗಿಗೆ ಹೊರಡುವಾಗ ಇನ್ನೊಂದು ಮಾತು ಸೇರಿಸಿದ್ದರು. “ನಾಲ್ಕಕ್ಕೆ ಬರ್ತೀನಿ. ಎಲ್ಲಾದರೂ ಸಮ ಅಂಕ ಬಂದಿದ್ದರೆ ಎತ್ತಿಡು, ನನ್ನ ಎದುರಿಗೇ ಚೀಟಿ ಎತ್ತೋಣ.”

ಸಮ ಅಂಕ ಬಂದಿತ್ತು. ಕಾಲುವೆ ಪಕ್ಕದ ಶಾಲೆಯಿಂದ ಹನ್ನೆರಡರ ಬದಲು ಹದಿಮೂರು ಕಾರ್ಡು ಬಂದದ್ದು ಅದರಿಂದಲೇ. ಕೊನೆಯ ಜಾಗಕ್ಕೆ ಇಬ್ಬರು ಹುಡುಗಿಯರು, ಇಬ್ಬರಿಗೂ ಎಪ್ಪತ್ತೊಂದು. ಹದಿನೇಳು ಮತ್ತು ಮೂವತ್ತೊಂದು.

ಅದು ಅವಳ ಮಗಳ ಶಾಲೆ.

ಹದಿನೇಳರ ಷರಾವನ್ನು ಅವಳು ಎರಡು ಸಲ ಓದಿದಳು. ‘ಪ್ರಶ್ನೆ ಕೇಳುವುದು ಜಾಸ್ತಿ. ಉತ್ತರ ಸಿಗುವ ತನಕ ಬಿಡುವವಳಲ್ಲ.’ ಇದು ತನ್ನದೇ ವಾಕ್ಯ. ಅರ್ಜಿ ತುಂಬಿದ ದಿನ ಏನು ಬರೆದೆನೆಂದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಆದರೆ ತನ್ನ ವಾಕ್ಯ ತನಗೆ ಗುರುತು ಸಿಗದೆ ಇರುತ್ತದೆಯೇ? ಇವತ್ತು ಬೆಳಿಗ್ಗೆ ಕೂಡ ಮಗಳು ಒಲೆಯ ಪಕ್ಕ ನಿಂತು, “ಅಮ್ಮಾ, ಹಾಲು ಉಕ್ಕುತ್ತೆ, ನೀರು ಯಾಕೆ ಉಕ್ಕಲ್ಲ?” ಎಂದು ಮೂರು ಸಲ ಕೇಳಿದ್ದಳು. “ಹೊತ್ತಾಯ್ತು, ಸುಮ್ಮನೆ ಜಡೆ ಹಾಕಿಸ್ಕೋ” ಎಂದು ಇವಳು ಗ್ಯಾಸು ಆರಿಸಿದ್ದಳು.

ಮೂವತ್ತೊಂದರಲ್ಲಿ ಹೀಗಿತ್ತು: ‘ಹೊಂದಿಕೊಳ್ಳುವ ಮಗು. ಎಲ್ಲಿ ಕೂರಿಸಿದರೂ ತೊಂದರೆ ಇಲ್ಲ.’ ಯಾವ ತಾಯಿ ಹೀಗೆ ಬರೆದಳೋ ಎಂದುಕೊಂಡಳು. ಚೀಲವನ್ನೋ ಕುರ್ಚಿಯನ್ನೋ ಇಟ್ಟು ಬಂದ ಹಾಗಿದೆ.

ಎರಡೂ ಕಾರ್ಡು ಎತ್ತಿಡಬೇಕು ಎನ್ನುವಷ್ಟರಲ್ಲಿ ಲೆಕ್ಕದ ಮಾಸ್ತರು ಬಂದರು, ಅವರ ಬೆನ್ನಿಗೇ ಸಂಗೀತದ ಟೀಚರ್. ಎ ವಿಭಾಗ ಅವರದು, ಬಿ ವಿಭಾಗ ಇವರದು. ಬಂದವರೇ ತರಕಾರಿ ಆರಿಸುವವರ ಹಾಗೆ ಕಾರ್ಡುಗಳ ಮೇಲೆ ಬಾಗಿದರು.

“ಇದು ನೋಡಿ, ‘ಮೇಜಿನ ಮೇಲೆ ತಾಳ ಹಾಕುತ್ತಾನೆ’. ಇವನು ನಿಮಗೇ ಸರಿ ಟೀಚರ್” ಎಂದು ಮಾಸ್ತರು ಒಂದು ನೀಲಿ ಕಾರ್ಡನ್ನು ದಾಟಿಸಿದರು.

“ಹಾಗಾದರೆ ‘ರಾತ್ರಿ ನಿದ್ದೆಯಲ್ಲೂ ಮಗ್ಗಿ ಹೇಳುತ್ತಾನೆ’ ಅನ್ನೋನನ್ನ ನೀವಿಟ್ಕೊಳ್ಳಿ. ನನ್ನ ಕ್ಲಾಸಿನಲ್ಲಿ ಯಾರೂ ನಿದ್ದೆ ಮಾಡಲ್ಲ.”

“ನನ್ನ ಕ್ಲಾಸಿನಲ್ಲಿ ಮಾಡ್ತಾರೆ ಅಂತಲಾ?”

“ನಾನೆಲ್ಲಿ ಅಂದೆ ಮಾಸ್ತರೇ? ಮಗ್ಗಿ ಹೇಳ್ತಾರೆ ಅಂದೆ.”

ಒಂದು ಕಾರ್ಡು ಸರಿದರೆ ಶಾಲೆಯ ಲೆಕ್ಕ ತಪ್ಪುತ್ತಿತ್ತು. ಶಾಲೆ ಸರಿಮಾಡಿದರೆ ಹುಡುಗಿಯರು ಹೆಚ್ಚಾಗುತ್ತಿದ್ದರು. ಹೀಗೆ ತೂತು ಬಿದ್ದಾಗಲೆಲ್ಲ ಇಬ್ಬರ ಕೈಯೂ ಮೂವತ್ತೊಂದರ ಮೇಲೇ ಹೋಗುತ್ತಿತ್ತು. “ಈ ಮಗು ಇದೆಯಲ್ಲ, ಎಲ್ಲಿ ಹಾಕಿದರೂ ನಡೆಯುತ್ತೆ.” ಅದು ಎಯಿಂದ ಬಿಗೆ, ಬಿಯಿಂದ ಎಗೆ ಆರು ಸಲ ಓಡಾಡಿತು. ಅದರ ಒಂದು ಮೂಲೆ ಮಡಚಿಹೋಯಿತು.

ಹದಿನೇಳನ್ನು ಇಬ್ಬರೂ ಬೇಡವೆಂದರು. “ಉತ್ತರ ಸಿಗುವ ತನಕ ಬಿಡಲ್ವಂತೆ. ನಾನು ಪಾಠ ಮುಗಿಸೋದು ಯಾವಾಗ?” ಎಂದರು ಮಾಸ್ತರು. ಗುಮಾಸ್ತೆ ಎಂದೂ ಎದುರು ಮಾತಾಡಿದವಳಲ್ಲ. ಕಿಟಕಿಯ ಪಕ್ಕದ ಅವಳ ಜಾಗವನ್ನು ಮಾಸ್ತರು ಕೇಳಿದಾಗ ಮೇಜನ್ನು ತಾನೇ ಎಳೆದುಕೊಂಡು ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ಹೋದವಳು. ಈಗ ಮಾತ್ರ ಅವಳ ಬಾಯಿಂದ ಮಾತು ತಾನಾಗಿ ಬಂತು. “ಪ್ರಶ್ನೆ ಕೇಳೋ ಮಗು ಬೇಡ ಅಂದ್ರೆ ಪ್ರತಿಭಾ ತರಗತಿ ಯಾಕೆ ಸಾರ್?”

ಮಾಸ್ತರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಡ್ರಮ್ಮೇ ಮಾತಾಡಿತೇನೋ ಎಂಬಂತೆ ನೋಡಿದರು. ಆಮೇಲೆ ಹದಿನೇಳನ್ನು ತಮ್ಮ ಸಾಲಿಗೆ ಹಾಕಿಕೊಂಡರು.

ಆಗ ಆಯಮ್ಮ ನೀರಿನ ಲೋಟಗಳನ್ನು ತಂದಳು. “ಏನು ಸೆಖೆ ಅಕ್ಕಾ, ಎಲ್ಲರ ಮುಖವೂ ಬೆವತು ಹೋಗಿದೆ” ಎಂದು ಯಾರೂ ಬೇಡ ಎನ್ನುವ ಮೊದಲೇ ಫ್ಯಾನಿನ ಸ್ವಿಚ್ಚು ಒತ್ತಿದಳು. ಕಲ್ಲು ಬಿದ್ದ ಪಾರಿವಾಳಗಳ ಹಾಗೆ ಕಾರ್ಡುಗಳೆಲ್ಲ ಒಟ್ಟಿಗೆ ಎದ್ದವು. ಮಾಸ್ತರು ಹಿಡಿಯಲು ಹೋಗಿ ಮೇಜಿಗೆ ಡಿಕ್ಕಿ ಹೊಡೆದರು. ಟೀಚರ್ ನೆಲದ ಮೇಲೆ ಕೂತರು. ಆಯಮ್ಮ ಡ್ರಮ್ಮಿನ ಹಿಂದಿನಿಂದ ಎರಡನ್ನು ಒದ್ದೆಯಾಗಿ ತೆಗೆದು ಸೆರಗಿನಲ್ಲಿ ಒರೆಸಿದಳು. “ಈ ಮಕ್ಕಳೆಲ್ಲ ಈಗಲೇ ಹೀಗೆ ಹಾರಿದರೆ ಮುಂದೆ ಹ್ಯಾಗಕ್ಕಾ?”

ಮತ್ತೆ ಜೋಡಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಜರುಗಿದ ಮೇಜು ಕುಂಟುತ್ತಿತ್ತು. ಮಾಸ್ತರು ಕಾಲ ಬಳಿ ಬಿದ್ದಿದ್ದ ಯಾವುದೋ ಕಾಗದವನ್ನು ಮಡಚಿ ಅಡಿಗೆ ತುರುಕಿ, ಕೂತು ಎಣಿಸಿದರು. ಅವರ ಮುಖ ಅರಳಿತು.

“ಇಪ್ಪತ್ನಾಲ್ಕು, ಇಪ್ಪತ್ನಾಲ್ಕು. ಅರ್ಧ ಹುಡುಗರು, ಅರ್ಧ ಹುಡುಗಿಯರು. ಪ್ರತಿ ಶಾಲೆಗೂ ಆರು, ಆರು. ಕೂದಲೆಳೆ ಆಚೀಚೆ ಇಲ್ಲ. ನೋಡಿದ್ರಾ?”

ಗುಮಾಸ್ತೆ ಬಗ್ಗಿ ನೋಡಿದಳು. ಮೇಜಿನ ಕಾಲಡಿಯಿಂದ ಹಳದಿ ತುದಿಯೊಂದು ಇಣುಕುತ್ತಿತ್ತು. ಎಳೆದಳು. ಮೂವತ್ತೊಂದು.

“ಅಯ್ಯೋ, ಪಾಪ” ಎಂದರು ಟೀಚರ್.

“ಪಾಪ ಏನು ಬಂತು?” ಎಂದರು ಮಾಸ್ತರು. “ಎಲ್ಲಿ ಕೂರಿಸಿದರೂ ತೊಂದರೆ ಇಲ್ಲ ಅಂತ ಅವರೇ ಬರೆದಿದ್ದಾರಲ್ಲ. ಕಾಯುವ ಪಟ್ಟೀಲೂ ಕೂತ್ಕೊಳ್ಳುತ್ತೆ. ಇನ್ನು ಕೈ ಹಾಕಬೇಡಿ, ನಿಮಗೆ ಪುಣ್ಯ ಬರುತ್ತೆ.”

ಅವರಿಬ್ಬರೂ ಹೋದ ಮೇಲೆ ಅವಳು ಆ ಕಾರ್ಡನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಹದಿನೇಳನ್ನೂ ಸಾಲಿನಿಂದ ತೆಗೆದು ಇದರ ಪಕ್ಕ ಇಡಬೇಕು. ದೊಡ್ಡ ಮೇಡಂ ಬಂದ ಮೇಲೆ ಎರಡು ಚೀಟಿ, ಒಂದು ಡಬ್ಬಿ, ಅರ್ಧ ನಿಮಿಷದ ಕೆಲಸ. ಹದಿನೈದು ವರ್ಷದ ನೌಕರಿಯಲ್ಲಿ ಅವಳು ಒಂದು ಅಂಕಿಯನ್ನೂ ತಿದ್ದಿದವಳಲ್ಲ. ಈಗಲೂ ತಿದ್ದಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಬರುತ್ತಿತ್ತು.

ನಾಲ್ಕಕ್ಕೆ ದೊಡ್ಡ ಮೇಡಂ ಬಂದರು. “ಸಮ ಅಂಕದ್ದು ಏನಾದರೂ ಇದೆಯೇನಮ್ಮ?”

“ಇಲ್ಲ ಮೇಡಂ. ಒಂದು ಕಾಯುವ ಪಟ್ಟಿಗೆ, ಅಷ್ಟೇ.”

ಎಲ್ಲರನ್ನೂ ಕರೆದು, ಅರಗು ಒಡೆದು, ಮೇಡಂ ಲಕೋಟೆಯೊಳಗಿನ ಅರ್ಜಿಗಳನ್ನು ಒಂದೊಂದಾಗಿ ತೆಗೆದು ಓದತೊಡಗಿದರು. ಗುಮಾಸ್ತೆ ಸಂಖ್ಯೆಯ ಎದುರು ಹೆಸರು ಬರೆಯುತ್ತ ಹೋದಳು. ಹದಿನಾರು ಆಯಿತು.

“ಹದಿನೇಳು. ಅರೆ, ಆಯಮ್ಮ, ಇದು ನಿನ್ನ ಮಗಳಲ್ಲವೇನೇ?”

ಆಯಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು. ಪೊರಕೆಯನ್ನು ಗೋಡೆಗೆ ಒರಗಿಸಿ, ಬಂದು, ಗುಮಾಸ್ತೆಯ ಎರಡೂ ಕೈ ಹಿಡಿದಳು. “ನಿಮ್ಮ ಕೈಗುಣ ಅಕ್ಕಾ. ನನಗೆ ಬರೆಯೋಕೆ ಬರಲ್ಲ ಅಂತ ನೀವೇ ಅಲ್ಲವೇ ಅರ್ಜಿ ತುಂಬಿಕೊಟ್ಟಿದ್ದು? ನಾನು, ತಲೆ ತಿಂತಾಳೆ ಅಂತ ಬರೀರಿ ಅಂದೆ. ನೀವು ಅದನ್ನೇ ಎಷ್ಟು ಚೆನ್ನಾಗಿ ಬರೆದಿರಿ.”

ಗುಮಾಸ್ತೆಗೆ ಆಗ ನೆನಪಾಯಿತು. ಕೊನೆಯ ದಿನ, ಕೌಂಟರಿನ ಮುಂದೆ ಸಾಲು. ಬರೆಯಲು ಬಾರದ ಇಪ್ಪತ್ತು ಮಂದಿಗೆ ಅವಳೇ ಬರೆದುಕೊಟ್ಟಿದ್ದಳು. ಪ್ರತಿಯೊಬ್ಬರನ್ನೂ ಕೂರಿಸಿ, ಮಗು ಹೇಗೆ, ಏನಿಷ್ಟ ಎಂದು ಕೇಳಿ ಕೇಳಿ ಬರೆದಿದ್ದಳು. ಐದು ಗಂಟೆಯ ಬೆಲ್ಲು ಹೊಡೆಯುವಾಗ ತನ್ನದೊಂದು ಉಳಿದಿತ್ತು. ನಿಂತಲ್ಲೇ ತುಂಬಿ ಕಟ್ಟಿನೊಳಗೆ ಸೇರಿಸಿದ್ದಳು.

“ಮೂವತ್ತೊಂದು, ಕಾಯುವ ಪಟ್ಟಿ” ಎಂದು ಮೇಡಂ ಅರ್ಜಿ ಬಿಡಿಸಿದರು. ಕನ್ನಡಕ ತೆಗೆದರು. ಆ ಅರ್ಜಿಯ ಮೇಲೆ ಅವಸರದಲ್ಲಿ ಬಲಕ್ಕೆ ವಾಲಿದ ತನ್ನ ಅಕ್ಷರವನ್ನು ಗುಮಾಸ್ತೆ ದೂರದಿಂದಲೇ ಗುರುತು ಹಿಡಿದಳು.

“ನಿನ್ನ ಮಗಳಮ್ಮ” ಎಂದರು ಮೇಡಂ ಮೆಲ್ಲಗೆ. ಆಮೇಲೆ ಉಳಿದವರ ಕಡೆ ತಿರುಗಿದರು. “ನೋಡಿ. ತನ್ನ ಮಗೂನೇ ಹೊರಗಿಟ್ಟು ಲೆಕ್ಕ ಸರಿಮಾಡಿದ್ದಾಳೆ. ಇಂಥ ನ್ಯಾಯ ಈ ಕಾಲದಲ್ಲಿ ಯಾರು ಮಾಡ್ತಾರೆ? ನಾಳೆ ಪ್ರಾರ್ಥನೆ ಹೊತ್ತಿನಲ್ಲಿ ಮಕ್ಕಳಿಗೆಲ್ಲ ಹೇಳ್ತೀನಿ.”

“ಮಾದರಿ” ಎಂದರು ಲೆಕ್ಕದ ಮಾಸ್ತರು, ಮೇಜಿನ ಕಾಲನ್ನು ನೋಡದೆ. ಟೀಚರ್ ಕಣ್ಣೊರೆಸಿಕೊಂಡರು.

ಎಲ್ಲರೂ ಹೋದರು. ಪಟ್ಟಿಯ ಬಗ್ಗೆ ತಕರಾರಿದ್ದವರು ಏಳು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದಿತ್ತು. ಅದರ ನಮೂನೆಗಳ ಕಟ್ಟು ಅವಳ ಡ್ರಾಯರಿನಲ್ಲೇ ಇತ್ತು. ಒಂದನ್ನು ತೆಗೆದಳು. ಆಕ್ಷೇಪಣೆಯ ಕಾರಣ: ಚೀಟಿ ಎತ್ತಿಲ್ಲ. ಎತ್ತದೆ ಇದ್ದವರು ಯಾರು: ಗುಮಾಸ್ತೆ. ಆಕ್ಷೇಪಣೆ ಸ್ವೀಕರಿಸಿ ಮೊಹರು ಒತ್ತುವವರು: ಗುಮಾಸ್ತೆ. ಆಕ್ಷೇಪಿಸುವವರು: ಮಗುವಿನ ತಾಯಿ. ಹೊರಗೆ ಆಯಮ್ಮ ಯಾರಿಗೋ ಫೋನಿನಲ್ಲಿ ಮಗಳ ಸುದ್ದಿ ಹೇಳುತ್ತ ನಗುತ್ತಿದ್ದಳು. ಗುಮಾಸ್ತೆ ನಮೂನೆಯನ್ನು ಕಟ್ಟಿಗೆ ವಾಪಸು ಸೇರಿಸಿ ದಾರ ಬಿಗಿದಳು.

ಕಾಯುವ ಪಟ್ಟಿಯ ರಿಜಿಸ್ಟರು ತುಂಬುವುದೊಂದು ಬಾಕಿ ಇತ್ತು. ಸಂಖ್ಯೆ ಬರೆದಳು. ಹೆಸರು ಬರೆದಳು, ದುಂಡಗೆ, ನಿಧಾನವಾಗಿ. ಶಾಲೆ, ಅಂಕ. ಷರಾ ಕಾಲಂ ಬಂದಾಗ ಕಾರ್ಡಿನ ಸಾಲನ್ನು ನಕಲು ಮಾಡಬೇಕಿತ್ತು. ಪೆನ್ನು ಅಲ್ಲಿಗೆ ನಿಂತಿತು. ಆ ಜಾಗವನ್ನು ಖಾಲಿ ಬಿಟ್ಟು ರಿಜಿಸ್ಟರು ಮುಚ್ಚಿದಳು.

ಮನೆಗೆ ಹೋದ ತಕ್ಷಣ ಒಂದು ಪಾತ್ರೆಯಲ್ಲಿ ಹಾಲು, ಒಂದರಲ್ಲಿ ನೀರು ಇಡಬೇಕು ಎಂದುಕೊಂಡಳು. ಮಗಳನ್ನು ಒಲೆಯ ಪಕ್ಕ ಸ್ಟೂಲಿನ ಮೇಲೆ ನಿಲ್ಲಿಸಿಕೊಳ್ಳಬೇಕು. ಉಕ್ಕಿ ಒಲೆಯೆಲ್ಲ ಹರಿದರೂ ಈ ಸಲ ಗ್ಯಾಸು ಆರಿಸಬಾರದು.

“ಹೊರಟ್ರಾ ಅಕ್ಕಾ?” ಎಂದಳು ಆಯಮ್ಮ ಬಾಗಿಲಲ್ಲಿ.

“ಹ್ಞೂಂ” ಎಂದು ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.