ಮುಟ್ಟಿದರೆ ಮತ್ತೆ ಸ್ನಾನ

ನಮ್ಮ ಅಕ್ಕನ ಮಗನಷ್ಟು ಮಡಿವಂತನಾದ ರಗ್ಬಿ ಆಟಗಾರ ಈ ಭೂಮಂಡಲದಲ್ಲಿ ಇನ್ನೊಬ್ಬನಿದ್ದರೆ ಕರೆತನ್ನಿ, ನನ್ನ ಬೋನ್ ಚೈನಾ ಟೀ ಸೆಟ್ಟನ್ನು ಅವನಿಗೇ ಕೊಟ್ಟುಬಿಡುತ್ತೇನೆ. ಸೆಟ್ಟಿನಲ್ಲಿ ಒಂದು ಕಪ್ಪಿಗೆ ಹಿಡಿಯಿಲ್ಲ, ಅದು ಬೇರೆ ಮಾತು. ಮುರಿದವನೂ ಇವನೇ.

ರಗ್ಬಿ ಎಂದರೆ ಗೊತ್ತಲ್ಲ? ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಒಬ್ಬ ಓಡುತ್ತಾನೆ. ಗೂಳಿಗಳಂಥ ಗಂಡಸರು ಅವನ ಸೊಂಟಕ್ಕೆ ಕೈಹಾಕಿ ಕೆಸರಿಗೆ ಕೆಡವುತ್ತಾರೆ. ಇದಕ್ಕೆ ಸಂಬಳ ಬೇರೆ! ಮಕ್ಕಳು ಹಾಕಿ ಕೋಲು ಹಿಡಿದೇ ಹುಟ್ಟುವ ನಮ್ಮ ಕೊಡಗಿನಲ್ಲಿ, ಅದೂ ಪೂಜೆ ಮಾಡುವ ಭಟ್ಟರ ಮನೆಯಲ್ಲಿ, ರಗ್ಬಿ ಆಫ್ ಆಲ್ ಥಿಂಗ್ಸ್!

ತಪ್ಪು ಅವನದಲ್ಲ. ಅವನ ಅಪ್ಪನದು, ಅಂದರೆ ನಮ್ಮ ಭಾವನದು. ಮಡಿಕೇರಿಯ ಗುಡ್ಡದ ಮೇಲೆ ಭಾವನ ಮನೆ, ಪಕ್ಕದಲ್ಲೇ ನನ್ನದು. ಹಿತ್ತಲಲ್ಲಿ ಬಾವಿ. ಕಲ್ಲಿನ ಮೆಟ್ಟಿಲಿಳಿದು ಬೀದಿಯುದ್ದಕ್ಕೂ ನಡೆದರೆ ಆ ತುದಿಯಲ್ಲಿ ಭಾವ ಪೂಜೆ ಮಾಡುವ ಈಶ್ವರನ ಗುಡಿ. ಗುಡಿಯ ಬಾಗಿಲಲ್ಲೇ ನಲ್ಲಿ ಇದೆ. ಆದರೂ ಅಭಿಷೇಕದ ನೀರು ಈ ಬಾವಿಯಿಂದಲೇ ಹೋಗಬೇಕು. ತರುವವನು ತಣ್ಣೀರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ತಾಮ್ರದ ಕೊಡ ಹೊತ್ತು ಹೋಗಬೇಕು. ದಾರಿಯಲ್ಲಿ ಯಾರೂ ಅವನನ್ನು ಮುಟ್ಟಬಾರದು. ಮನುಷ್ಯ, ನಾಯಿ, ಆಟೋದ ಕನ್ನಡಿ ಯಾವುದು ತಾಗಿದರೂ ನೀರು ಚೆಲ್ಲಿ, ಹಿಂದಕ್ಕೆ ಬಂದು, ಮತ್ತೆ ಸ್ನಾನ ಮಾಡಿ, ಮತ್ತೆ ಸೇದಬೇಕು.

ಉಪನಯನವಾದ ಮೇಲೆ ಆ ಕೆಲಸ ಹುಡುಗನ ಪಾಲಿಗೆ ಬಂತು. ಮಡಿಕೇರಿಯ ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ಎರಡನೇ ಸಲ ತಣ್ಣೀರು ಸ್ನಾನ ಮಾಡಿದ್ದೀರಾ? ಇಲ್ಲವಾದರೆ ರಗ್ಬಿ ಆಟಗಾರ ಹೇಗೆ ತಯಾರಾಗುತ್ತಾನೆ ಎಂಬುದು ನಿಮಗೆ ಅರ್ಥವಾಗುವುದಿಲ್ಲ. ಸಂತೆಯ ದಿನ ಅವನು ಆ ಬೀದಿಯಲ್ಲಿ ಹೋಗುವುದನ್ನು ನೋಡಬೇಕಿತ್ತು. ಹಸು ಎಡಕ್ಕೆ ತಿರುಗಿದರೆ ಇವನು ಬಲಕ್ಕೆ. ಶಾಲೆಯ ಮಕ್ಕಳು ಬೇಕೆಂದೇ ಅಡ್ಡ ಬಂದರೆ ಸೊಂಟ ಬಳುಕಿಸಿ ನಡುವೆಯೇ ನುಸುಳಿಬಿಡುತ್ತಿದ್ದ. ಕೊಡದ ನೀರು ಮಾತ್ರ ತುಳುಕುತ್ತಿರಲಿಲ್ಲ. ತರಕಾರಿ ಅಂಗಡಿಯ ಕಾಕ ದೂರದಿಂದಲೇ ಕೂಗುತ್ತಿದ್ದರು: “ಭಟ್ಟರ ಹುಡುಗ ಬರ್ತಾ ಉಂಟು, ಬುಟ್ಟಿ ಒಳಗೆ ಎಳೀರಿ.”

ಒಂದು ದಿನ ಕಾಕನ ಅಂಗಡಿಯಲ್ಲಿ ಬಾಳೆಕಾಯಿ ಆರಿಸುತ್ತಿದ್ದ ನಿವೃತ್ತ ಮೇಜರೊಬ್ಬರು ಈ ದೃಶ್ಯ ನೋಡಿ ಬಾಳೆಕಾಯಿಯನ್ನು ಅಲ್ಲೇ ಬಿಟ್ಟು ಅವನ ಹಿಂದೆ ಹೊರಟರು. ಸೇನೆಯಲ್ಲಿದ್ದಾಗ ರಗ್ಬಿ ಆಡಿದವರಂತೆ. ಗುಡಿಯ ಬಾಗಿಲಲ್ಲಿ ಅಡ್ಡ ನಿಂತು ಕೇಳಿದರು.

“ಈ ಸೈಡ್‌ಸ್ಟೆಪ್ ಯಾರು ಕಲಿಸಿದ್ದು ನಿನಗೆ?”

“ಅಪ್ಪ.”

“ಅವರು ಯಾವ ಟೀಮಿಗೆ ಆಡಿದ್ದು?”

“ಈಶ್ವರನ ಗುಡಿಗೆ,” ಎಂದನಂತೆ. ಮುಟ್ಟಲು ಬಂದ ಮೇಜರಿಂದಲೂ ತಪ್ಪಿಸಿಕೊಂಡು ಒಳಗೆ ಹೋದನಂತೆ. ಮೇಜರ್ ಅಲ್ಲಿಗೇ ಕ್ಲೀನ್ ಬೌಲ್ಡ್! ಇದು ಬೇರೆ ಆಟದ ಮಾತು, ಇರಲಿ.

ಅವನ ಕೈಗೆ ರಗ್ಬಿ ಚೆಂಡು ಕೊಟ್ಟವರು ಆ ಮೇಜರೇ. ಆಮೇಲೆ ಮೈಸೂರಿನ ಕಾಲೇಜು, ಮುಂಬೈಯ ಕ್ಲಬ್ಬು, ಕೊಲಂಬೊ, ಕೊನೆಗೆ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿನ ಕ್ಲಬ್ಬಿನಲ್ಲಿ ಕಾಂಟ್ರಾಕ್ಟು. ಮೈದಾನದ ಅಂಚಿನಲ್ಲಿ ಓಡುವ ವಿಂಗ್ ಎಂಬ ಜಾಗ ಅವನದು. ಪಂದ್ಯಕ್ಕೆ ಮೊದಲು ಉಳಿದವರು ಗೋಮಾಂಸ, ಕೋಳಿ ಎಂದು ಹೊಡೆಯುತ್ತಿದ್ದರೆ ಇವನು ಮೂಲೆಯಲ್ಲಿ ಕೂತು ಮೊಸರನ್ನ ಉಣ್ಣುತ್ತಿದ್ದ. ನಾನು ಪಾರ್ಸಲ್ ಕಳಿಸಿದ ಮೆಂತ್ಯದ ಹಿಟ್ಟನ್ನು ಅವರ ಟೀಮಿನ ಡಾಕ್ಟರು ಏನೋ ಔಷಧಿಯೆಂದು ತಿಳಿದು ಪರೀಕ್ಷೆಗೆ ಕಳಿಸಿದರು. ಪಾಸಾಯಿತು. ಆಮೇಲೆ ಡಾಕ್ಟರೇ ಇನ್ನೊಂದು ಡಬ್ಬ ಕೇಳಿ ಕಳಿಸಿದರು.

ಒಂದು ಸಲ ಹೆಣ್ಣು ನೋಡಲು ಕುಶಾಲನಗರಕ್ಕೆ ಕರೆದುಕೊಂಡು ಹೋಗಿದ್ದೆ. ಅಷ್ಟರಲ್ಲಿ ಅವನ ಎಡಗಿವಿ ಏಟು ತಿಂದು ತಿಂದು ಎಣ್ಣೆಯಲ್ಲಿ ಅರಳಿದ ಸಂಡಿಗೆಯಂತಾಗಿತ್ತು. ಹುಡುಗಿಯ ತಂದೆ ಆ ಕಿವಿಯನ್ನೇ ನೋಡುತ್ತಾ ಕೇಳಿದರು.

“ಕೆಲಸ ಪರ್ಮನೆಂಟಾ?”

“ಮಂಡಿ ಇರೋವರೆಗೆ ಸಾರ್.”

“ಮಂಡಿ ಎಷ್ಟು ದಿನ ಇರುತ್ತೆ?”

“ಒಂದು ಆಗಲೇ ಹೋಗಿದೆ ಸಾರ್.”

ಉಪ್ಪಿಟ್ಟು ಚೆನ್ನಾಗಿತ್ತು. ತಿಂದು ಬಂದೆವು.

ಇಷ್ಟೆಲ್ಲ ಆದರೂ ಆ ಹುಡುಗನಿಗೆ ಬೇಕಾಗಿದ್ದದ್ದು ಒಂದೇ. ಊರಿಗೆ ಬಂದಾಗ ಮೊದಲಿನಂತೆ ಆ ಕೊಡ ಹೊರಬೇಕು. ಅಕ್ಕ ತೀರಿಕೊಂಡ ಮೇಲಂತೂ ಆ ಆಸೆ ಹಟವಾಯಿತು. ಆದರೆ ಭಾವ ಕೊಡವನ್ನು ಕೊಡಲೇ ಇಲ್ಲ. ಮೊದಲು ಚರ್ಮದ ಚೆಂಡು ಎಂದರು. ಅವನು ಚೆಂಡನ್ನೇ ತಂದು ತೋರಿಸಿದ.

“ರಬ್ಬರ್ ಅಪ್ಪ, ಚರ್ಮ ಅಲ್ಲ.”

“ಚೆಂಡಿನ ಮಾತಲ್ಲ ಕಣೋ. ಮುಟ್ಟಿಸ್ಕೊಳ್ಳೋದನ್ನೇ ಉದ್ಯೋಗ ಮಾಡ್ಕೊಂಡವನು ಮಡಿ ನೀರು ತರೋದು ಹೇಗೆ?”

“ಮುಟ್ಟಿಸ್ಕೊಳ್ಳದೆ ಇರೋದೇ ನನ್ನ ಉದ್ಯೋಗ ಅಪ್ಪ. ಸಂಬಳ ಕೊಡೋದೇ ಅದಕ್ಕೆ.”

ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಮಾತು ಮುಗಿಯಿತು ಎಂದು ಅದರ ಅರ್ಥ.

ಇವನೂ ಬಿಡುವವನಲ್ಲ. ರಜೆಗೆ ಬಂದಾಗಲೆಲ್ಲ ಬೆಳಗಾಗುವ ಮೊದಲೇ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆ ಸುತ್ತಿ, ಬಾವಿಕಟ್ಟೆಯ ಪಕ್ಕ ಕೈಕಟ್ಟಿ ನಿಂತುಬಿಡುತ್ತಿದ್ದ. ಮಂಜಿನಲ್ಲಿ ಬೀರುವಿನಂಥ ಗಂಡಸು ನೀರು ತೊಟ್ಟಿಕ್ಕಿಸುತ್ತ ನಿಂತಿದ್ದರೆ ಹೊಸದಾಗಿ ಬಂದ ಹಾಲಿನವನು ಕ್ಯಾನು ಬಿಟ್ಟು ಓಡದೆ ಇನ್ನೇನು ಮಾಡಿಯಾನು? ಭಾವ ಬಂದು, ತಾವೇ ನೀರು ಸೇದಿ, ತಾವೇ ಕೊಡ ಹೊತ್ತು, ಅವನಿಗೆ ತಾಗದಂತೆ ಬಳಸಿಕೊಂಡು ಹೋಗುತ್ತಿದ್ದರು. ಮಾರನೆಯ ದಿನ ಅವನು ಮತ್ತೆ ಹಾಜರು.

“ಬೇಡ ಅಂದ ಮೇಲೆ ಯಾಕೋ ನಿಲ್ತೀಯ? ನ್ಯುಮೋನಿಯಾ ಬರುತ್ತೆ,” ಎಂದೆ.

“ಚೆಂಡು ನಮ್ಮ ಕಡೆ ಬರೋದೇ ಅಪರೂಪ ಚಿಕ್ಕಮ್ಮ. ಬಂದಾಗ ನಾವು ಜಾಗದಲ್ಲಿ ಇರಬೇಕು,” ಎಂದ.

ಅವನ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತಿದ್ದವಳು ನಾನೊಬ್ಬಳೇ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು “ಲೇಡೀಸ್ ಡು ನಾಟ್ ರನ್” ಎಂದು ಕಾರಿಡಾರಿನಲ್ಲೇ ತಡೆದು ನಿಲ್ಲಿಸುತ್ತಿದ್ದರು. ನಾನು ಓಡದೆ ಉಳಿಸಿಟ್ಟ ಓಟವನ್ನೆಲ್ಲ ಅವನು ಓಡುತ್ತಿದ್ದಾನೆ ಎಂದು ನನಗೆ ಅನ್ನಿಸುತ್ತಿತ್ತು. ಭಾವ ನೋಡುತ್ತಿರಲಿಲ್ಲ. ಆದರೆ ಪಂದ್ಯದ ಮರುದಿನ ಬೇಲಿಯ ಆಚೆಯಿಂದ ಕೇಳುತ್ತಿದ್ದರು: “ನಿನ್ನೆ ಎಷ್ಟು ಜನ ಮುಟ್ಟಿದರಂತೆ?” ಕಡಿಮೆ ಎಂದರೆ ಒಂದು “ಹೂಂ”. ಜಾಸ್ತಿ ಎಂದರೆ ಆ ದಿನ ಊಟ ಸೇರುತ್ತಿರಲಿಲ್ಲ.

ಹೋದ ವರ್ಷ ಎರಡನೇ ಮಂಡಿಯೂ ಹೋಯಿತು. ಕ್ಲಬ್ಬಿನವರು ಕಾಂಟ್ರಾಕ್ಟು ಮುಂದುವರಿಸಲಿಲ್ಲ. ಕುಂಟುತ್ತ ಊರಿಗೆ ಬಂದ, ಫಾರ್ ಗುಡ್. ಬಂದ ದಿನ ಮೂವರೂ ಊಟಕ್ಕೆ ಕೂತಿದ್ದಾಗ ಮಾತಿಗೆ ಕೇಳಿದೆ.

“ಅಲ್ಲ ಕಣೋ, ಹಿಡಿದು ಕೆಡವಿದ ಮೇಲೆ ಎಂಥ ಮಾಡ್ತಾರೆ?”

“ತಕ್ಷಣ ಬಿಡಬೇಕು ಚಿಕ್ಕಮ್ಮ. ಹಿಡ್ಕೊಂಡೇ ಇದ್ರೆ ಪೆನಾಲ್ಟಿ.”

“ಅಷ್ಟಾದರೂ ಮರ್ಯಾದೆ ಉಂಟಲ್ಲ ಅವರಿಗೆ,” ಎಂದರು ಭಾವ, ಸಾರು ಸುರಿಯುತ್ತ.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಪಕ್ಕ ಒದ್ದೆ ಪಂಚೆಯಲ್ಲಿ ಅವನು ಮತ್ತೆ ಹಾಜರು! ಮಳೆಗಾಲ ಆಗಷ್ಟೇ ಮುಗಿದಿತ್ತು, ಮೆಟ್ಟಿಲ ತುಂಬ ಪಾಚಿ. ನಾನು ಬೇಲಿಯ ಪಕ್ಕ ಹೂ ಕೊಯ್ಯುತ್ತಿದ್ದೆ. ಭಾವ ಎಂದಿನಂತೆ ಕೊಡ ಹೊತ್ತು, ಅವನನ್ನು ಬಳಸಿಕೊಂಡು, ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಕಾಲು ಜಾರಿತು.

ಎರಡೂ ಮಂಡಿ ಹೋದ ಮನುಷ್ಯ ಅಷ್ಟು ದೂರ ಹೇಗೆ ಹಾರಿದನೋ ನಾನು ಕಾಣೆ. ಅಪ್ಪನ ಸೊಂಟಕ್ಕೆ ಎರಡೂ ಕೈ ಹಾಕಿ, ಗಾಳಿಯಲ್ಲೇ ತಿರುಗಿ, ತಾನು ಕೆಳಗಾಗಿ ಬಿದ್ದ. ಕೊಡ ಢಣಢಣ ಎನ್ನುತ್ತ ಬೀದಿಯವರೆಗೆ ಉರುಳಿಕೊಂಡು ಹೋಯಿತು. ಅಷ್ಟರಲ್ಲಿ ಅವನು ಅಭ್ಯಾಸಬಲದಿಂದ ಥಟ್ಟನೆ ಎರಡೂ ಕೈ ಬಿಟ್ಟುಬಿಟ್ಟ. ಭಾವ ಅವನ ಎದೆಯ ಮೇಲಿಂದ ಮತ್ತೆ ಜಾರತೊಡಗಿದರು.

“ಬಿಟ್ಟೆ ಯಾಕೋ?”

“ಮಡಿ, ಅಪ್ಪ…”

“ಮುಟ್ಟಿ ಆಯ್ತಲ್ಲ. ಇನ್ನು ಬಿಡಬೇಡ.”

ಅವನು ಹಿಡಿದುಕೊಂಡ. ಅಪ್ಪ ಮಗ ಇಬ್ಬರೂ ಆ ಪಾಚಿಯ ಮೇಲೆ ಹಾಗೇ ಸ್ವಲ್ಪ ಹೊತ್ತು ಕೂತಿದ್ದರು. ನಾನು ಹೂವಿನ ಬುಟ್ಟಿ ಹಿಡಿದು ಬೇಲಿಯ ಈಚೆ ನಿಂತಿದ್ದೆ, ಹೋಗಲಿಲ್ಲ.

ಆಮೇಲೆ ಭಾವ ಹೇಳಿದರು: “ಈಶ್ವರ ಕಾಯ್ತಾ ಇದ್ದಾನೆ. ಹೋಗು, ಮತ್ತೆ ಸ್ನಾನ ಮಾಡಿ ನೀರು ಸೇದು.”

ನೆಗ್ಗಿದ ಕೊಡ ಹೊತ್ತು, ಮೆಟ್ಟಿಲಿಗೊಮ್ಮೆ ನಿಂತು, ಅವನು ಬೀದಿಗಿಳಿದ. ಕಾಕ ಕೂಗಲಿಲ್ಲ, ತಾವೇ ಎದ್ದು ಬುಟ್ಟಿಗಳನ್ನು ಒಳಗೆ ಎಳೆದರು. ಹೇಗೂ ಮಡಿ ಹೋಗಿತ್ತಲ್ಲ, ಭಾವ ಬೇಲಿ ದಾಟಿ ಬಂದ ನನ್ನ ಭುಜ ಹಿಡಿದು ಗೇಟಿನವರೆಗೆ ಬಂದರು. ಮಗ ಕುಂಟುತ್ತ, ಬಳುಕುತ್ತ, ಯಾರಿಗೂ ತಾಗದೆ ಹೋಗುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ, ಇಷ್ಟು ವರ್ಷ ಒಂದು ಪಂದ್ಯವನ್ನೂ ನೋಡದ ಆ ಮನುಷ್ಯ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

“ಎಡಗಡೆ ನಾಯಿ ಉಂಟು ಮಗಾ, ಬಲಕ್ಕೆ ಹೋಗು.”